ಗೋಡೌನು, ಗಡಂಗು, ಮ್ಯಾಗಜೀನು

ಮುಂಬಯಿಯ ಫ್ಲೋರಾ ಫೌಂಟನ್ ಸುತ್ತಲಿನ ಫುಟ್‌ಪಾತ್ ಪುಸ್ತಕದಂಗಡಿಗಳಲ್ಲಿ ಯಾವತ್ತೂ ಬೇಡಿಕೆ ತಗ್ಗದ ಸರಕೆಂದರೆ ನಾರ್ಮನ್ ಲೂಯಿಸನ ‘ವರ್ಡ್ ಪವರ್ ಮೇಡ್ ಈಸಿ’. ಅಮೆರಿಕದಲ್ಲಿ 1949ರಲ್ಲಿ ಹೊರಬಂದ ಪುಸ್ತಕ. ಬ್ಯಾಂಕ್ ಪರೀಕ್ಷೆಯವರು, ಎಂಬಿಎ ಪ್ರವೇಶಕ್ಕೆ ಓದುವವರು ಈಗಲೂ ಚೌಕಾಶಿ ಮಾಡಿ ಒಯ್ಯುತ್ತಾರೆ. ಅದರ ಪಕ್ಕದಲ್ಲೇ ತೆಳ್ಳನೆಯ ಪುಸ್ತಿಕೆಗಳ ರಾಶಿ: ಶಬ್ದ, ಎದುರಿಗೆ ಅರ್ಥ, ಆಮೇಲೆ ಸಮಾನಾರ್ಥಕ, ವಿರುದ್ಧಾರ್ಥಕ, ಕೊನೆಗೊಂದು ಮಾದರಿ ವಾಕ್ಯ. ಹಗಲು ಉಡುಪಿ ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂತು ಮೆಟ್ರಿಕ್ ಮುಗಿಸಿದ ಕರಾವಳಿಯ ಹುಡುಗರ ತಲೆಮಾರು ಇಂಗ್ಲಿಷ್ ಕಲಿತದ್ದೂ ಹೆಚ್ಚುಕಡಿಮೆ ಹೀಗೆಯೇ. ಈ ಕ್ರಮದ ಬಗ್ಗೆ ನನಗೆ ತಕರಾರಿಲ್ಲ, ಅದು ಅನ್ನ ಕೊಟ್ಟಿದೆ. ಆದರೆ ಎರಡು ಶಬ್ದಗಳ ನಡುವೆ ಸಮ ಚಿಹ್ನೆ ಎಳೆದ ಕೂಡಲೇ ಮಾತು ಮುಗಿಯಿತು ಎಂದುಕೊಳ್ಳುತ್ತೇವಲ್ಲ, ಅಲ್ಲಿ ಅದು ಕೈಕೊಡುತ್ತದೆ. ‘ಗೋಡೌನ್ ಎಂದರೆ ವೇರ್‌ಹೌಸ್’ ಎಂಬ ಸಾಲನ್ನೇ ತೆಗೆದುಕೊಳ್ಳಿ.

ಗೋಡೌನ್ ಇಂಗ್ಲಿಷ್ ನಿಘಂಟಿನಲ್ಲಿದೆ, ಇಂಗ್ಲೆಂಡಿನ ಬೀದಿಯಲ್ಲಿಲ್ಲ. ಮಸ್ಜಿದ್ ಬಂದರಿನ ಹಮಾಲನ ಬಾಯಲ್ಲಿದೆ, ಕಾಟನ್ ಗ್ರೀನಿನ ಗೋಡೆಗಳ ಮೇಲಿದೆ, ಸಿಂಗಪುರ, ಹಾಂಗ್‌ಕಾಂಗ್‌ಗಳಲ್ಲಿದೆ. ಹಾಂಗ್‌ಕಾಂಗ್‌ನಲ್ಲಿ 1886ರಲ್ಲಿ ಶುರುವಾದ ದೊಡ್ಡ ಬಂದರು ಕಂಪನಿಯೊಂದು ಹೆಸರಿನಲ್ಲೇ ‘ಗೋಡೌನ್’ ಇಟ್ಟುಕೊಂಡಿತ್ತು. ಅದೇ ವರ್ಷ ಲಂಡನ್ನಿನಲ್ಲಿ ಯೂಲ್ ಮತ್ತು ಬರ್ನೆಲ್ ಸೇರಿ ಮಾಡಿದ ‘ಹಾಬ್‌ಸನ್-ಜಾಬ್‌ಸನ್’ ಎಂಬ ವಿಚಿತ್ರ ಹೆಸರಿನ ಆಂಗ್ಲೋ-ಇಂಡಿಯನ್ ಪದಕೋಶ ಅಚ್ಚಾಯಿತು. ಈ ಬರ್ನೆಲ್ ನಮಗೆ ಪೂರಾ ಹೊರಗಿನವನಲ್ಲ; ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿಟ್ಟವನು. ಪಾಪ, ಪದಕೋಶ ಕೈಗೆ ಬರುವ ನಾಲ್ಕು ವರ್ಷ ಮೊದಲೇ ತೀರಿಕೊಂಡಿದ್ದ.

ಆ ಕೋಶದ ಪ್ರಕಾರ ಗೋಡೌನಿನ ದಾರಿ ಹೀಗೆ. ತೆಲುಗಿನಲ್ಲಿ ಗಿಡ್ಡಂಗಿ, ತಮಿಳಿನಲ್ಲಿ ಕಿಡಂಗು. ಎರಡೂ ಸರಕು ಇರಿಸುವ ಜಾಗ. ಕೋರಮಂಡಲದ ವ್ಯಾಪಾರಿಗಳ ಜೊತೆ ಆ ಮಾತು ಹಡಗು ಹತ್ತಿ ಮಲಯಾಕ್ಕೆ ಹೋಗಿ ‘ಗದೊಂಗ್’ ಆಯಿತು. ಪೋರ್ಚುಗೀಸರು 1511ರಲ್ಲಿ ಮಲಾಕ್ಕಾ ಗೆದ್ದಾಗ ಅಲ್ಲಿ ದಕ್ಷಿಣ ಭಾರತದ ವರ್ತಕರ ಕೇರಿಗಳೇ ಇದ್ದವು. ಅವರ ಬಾಯಿಂದ ಅದು ಪೋರ್ಚುಗೀಸರ ಬಾಯಿಗೆ, ಅಲ್ಲಿಂದ ಇಂಗ್ಲಿಷರ ಕಿವಿಗೆ. ಇಂಗ್ಲಿಷ್ ಕಿವಿ ಅದರಲ್ಲಿ ‘ಗೋ’ ಮತ್ತು ‘ಡೌನ್’ ಕೇಳಿಸಿಕೊಂಡಿತು. ಕೆಳಗಿಳಿದು ಹೋಗುವ ನೆಲಮಾಳಿಗೆ ಇರಬೇಕು ಎಂಬ ಸುಲಭದ ಕಥೆ ಹುಟ್ಟಿತು. ಮುಂಬಯಿಯ ಬಂದರಿನ ಗೋಡೌನುಗಳು ನಿಂತಿರುವುದೇ ಸಮುದ್ರ ತುಂಬಿಸಿ ಮಾಡಿದ ನೆಲದ ಮೇಲೆ, ಅಲ್ಲಿ ಇಳಿಯುವುದೆಲ್ಲಿಗೆ? ಹಿಂದಿಯ ಗೋದಾಮ್, ಮರಾಠಿಯ ಗುದಾಮ್, ನಮ್ಮ ಗೋದಾಮು ಇವೆಲ್ಲ ತವರಿಗೆ ಮರಳಿ ಬಂದವು. ಮಲಯಾದ ಕಡೆ ಉಳಿದ ಕವಲು ಮಾತ್ರ ಬೇರೆ ಬದುಕು ಕಟ್ಟಿಕೊಂಡಿತು. ಇಂಡೋನೇಷ್ಯಾದಲ್ಲಿ ಈಗ ‘ಗುದಾಂಗ್’ ಎಂದರೆ ಉಗ್ರಾಣ, ‘ಗೆದುಂಗ್’ ಎಂದರೆ ದೊಡ್ಡ ಕಟ್ಟಡ.

ತಮಿಳಿನ ಆ ಶಬ್ದದ ಬೇರು ‘ಕಿಡ’, ಅಂದರೆ ಬಿದ್ದಿರು. ಹಳಗನ್ನಡದ ‘ಕೆಡೆ’ ಅದರ ನಂಟ. ಈಗ ದಾಣಾ ಬಂದರಿಗೆ ಹೋಗಿ ಯಾವ ದಲಾಲನನ್ನಾದರೂ ಮಾಲು ಎಲ್ಲಿದೆ ಎಂದು ಕೇಳಿ. ‘ಗೋಡೌನ್ ಮೇ ಪಡಾ ಹೈ’ ಎನ್ನುತ್ತಾನೆ. ಕನ್ನಡದವನಾದರೆ ‘ಗೋಡೌನಲ್ಲಿ ಬಿದ್ದಿದೆ’. ಇಟ್ಟಿದೆ ಎನ್ನುವುದಿಲ್ಲ, ಬಿದ್ದಿದೆ. ಶಬ್ದ ಸಮುದ್ರ ದಾಟಿ, ನಾಲ್ಕು ಭಾಷೆಯ ಬಾಯಿಗೆ ಬಿದ್ದು ಬಂದರೂ ಅದರ ಜೊತೆಗಿರುವ ಕ್ರಿಯಾಪದ ಮಾತ್ರ ಹುಟ್ಟಿದಾಗಿನದೇ. ಮಾದರಿ ವಾಕ್ಯ ಬೇಕಿದ್ದವರು ಇದನ್ನೇ ಬರೆದುಕೊಳ್ಳಬಹುದು.

ಇನ್ನು ಸಮಾನಾರ್ಥಕಗಳು. ಪುಸ್ತಿಕೆಯವರು ಗೋಡೌನಿನ ಎದುರು ಡಿಪೋ, ರೆಪಾಸಿಟರಿ, ಗ್ರ್ಯಾನರಿ, ಮ್ಯಾಗಜೀನ್ ಎಂದೆಲ್ಲ ಸಾಲಾಗಿ ನಿಲ್ಲಿಸುತ್ತಾರೆ. ಕೊನೆಯದನ್ನು ಕಂಡು ಮುದ್ರಣದೋಷವಿರಬೇಕು ಎಂದುಕೊಳ್ಳುವವರೇ ಹೆಚ್ಚು. ದೋಷವಲ್ಲ. ಅರಬಿಯಲ್ಲಿ ‘ಮಖ್ಜನ್’ ಎಂದರೆ ಉಗ್ರಾಣ. ನಮ್ಮ ಖಜಾನೆಯೂ ಅದೇ ಧಾತುವಿನ ಕೂಸು. ಯುರೋಪಿಗೆ ಹೋದ ಮಖ್ಜನ್ ಫ್ರೆಂಚರಲ್ಲಿ ‘ಮಾಗಜಾಂ’ ಎಂಬ ಅಂಗಡಿಯಾಯಿತು, ಇಂಗ್ಲಿಷರಲ್ಲಿ ಮದ್ದುಗುಂಡಿನ ಕೋಣೆಯಾಯಿತು. ಬಂದೂಕಿಗೆ ಗುಂಡು ತುಂಬುವ ಡಬ್ಬಿಗೂ ಅದೇ ಹೆಸರು. 1731ರಲ್ಲಿ ಲಂಡನ್ನಿನ ಎಡ್ವರ್ಡ್ ಕೇವ್ ಬೇರೆ ಬೇರೆ ಕಡೆಯ ಬರಹಗಳನ್ನು ಒಂದೆಡೆ ಪೇರಿಸಿ ‘ಜಂಟಲ್‌ಮನ್ಸ್ ಮ್ಯಾಗಜೀನ್’ ತಂದ ಮೇಲೆ ನಿಯತಕಾಲಿಕಕ್ಕೂ ಆ ಹೆಸರು ಅಂಟಿಕೊಂಡಿತು.

ಮುಂಬಯಿ ಈ ಎರಡು ಸಮಾನಾರ್ಥಕಗಳ ವ್ಯತ್ಯಾಸವನ್ನು ಬಹಳ ಕ್ರೂರವಾಗಿ ಕಲಿತಿದೆ. 1944ರ ಏಪ್ರಿಲ್ 14ರ ಮಧ್ಯಾಹ್ನ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕಿನ್’ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕವಿತ್ತು, ಜೊತೆಗೆ ಕರಾಚಿಯಲ್ಲಿ ಹೇರಿಕೊಂಡ ಹತ್ತಿಯ ಬೇಲುಗಳು. ಮ್ಯಾಗಜೀನಿನಲ್ಲಿ ಇರಬೇಕಾದದ್ದೂ ಗೋಡೌನಿನಲ್ಲಿ ಇರಬೇಕಾದದ್ದೂ ಒಂದೇ ಹಡಗಿನ ಹೊಟ್ಟೆಯಲ್ಲಿ. ಹತ್ತಿಗೆ ಕಿಡಿ ತಗುಲಿ ಎರಡು ಸಲ ಸಿಡಿಯಿತು. ಡಾಕುಗಳ ಸುತ್ತಲಿನ ಗೋಡೌನುಗಳು, ಅವುಗಳಲ್ಲಿದ್ದ ದವಸಧಾನ್ಯ ದಿನಗಟ್ಟಲೆ ಉರಿದವು. ಅಂದು ಪ್ರಾಣ ಕೊಟ್ಟ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗಾಗಿ ದೇಶವೆಲ್ಲ ಇಂದಿಗೂ ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ಆಚರಿಸುತ್ತದೆ.

ಶಬ್ದಗಳ ಪಟ್ಟಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಅವುಗಳ ಚರಿತ್ರೆ ನೋಡಿದರೆ ಒಂದು ಚಾಳಿ ಕಾಣುತ್ತದೆ: ಉಗ್ರಾಣದ ಶಬ್ದಗಳಿಗೆ ಹಿತ್ತಿಲಲ್ಲಿ ಕೂತಿರಲಾಗುವುದಿಲ್ಲ, ಹೇಗಾದರೂ ಮಾಡಿ ಬೀದಿಗೆ ಬಂದು ಅಂಗಡಿಯಾಗಿಬಿಡುತ್ತವೆ. ಗ್ರೀಕರ ‘ಅಪೊಥೆಕೆ’ ಬರೀ ದಾಸ್ತಾನು ಕೋಣೆ. ಅದೇ ಮುಂದೆ ಜರ್ಮನಿಯಲ್ಲಿ ಔಷಧದಂಗಡಿಯಾಯಿತು, ಸ್ಪೇನಿನಲ್ಲಿ ‘ಬೊದೇಗ’ ಎಂಬ ದ್ರಾಕ್ಷಾರಸದ ಮಳಿಗೆಯಾಯಿತು, ಫ್ರಾನ್ಸಿನಲ್ಲಿ ‘ಬುಟೀಕ್’ ಆಗಿ ಈಗ ಬಾಂದ್ರಾದ ಗಾಜಿನ ಕಿಟಕಿಯಲ್ಲಿ ಲೆಹಂಗಾ ತೂಗುಹಾಕಿಕೊಂಡು ನಿಂತಿದೆ. ‘ಸ್ಟೋರ್’ ಎಂದರೆ ಮೊದಲು ಕೂಡಿಟ್ಟ ದಾಸ್ತಾನು. ಅಮೆರಿಕನ್ನರು ಅದನ್ನು ಅಂಗಡಿ ಮಾಡಿದರು. ಕನ್ನಡದ ಮಳಿಗೆಯದೂ ಅದೇ ನಡೆ. ಇಂಗ್ಲಿಷಿನ ಗೋಡೌನ್ ಮಾತ್ರ ಹಟ ಹಿಡಿದು ಒಳಗೇ ಉಳಿಯಿತು. ಗೋಡೌನಿಗೆ ಹೋಗಿ ಅರ್ಧ ಕಿಲೋ ಸಕ್ಕರೆ ತಂದೆ ಎಂದು ಯಾರೂ ಹೇಳುವುದಿಲ್ಲ.

ಕರಾವಳಿಯವರಿಗೆ ಮಾತ್ರ ಇಲ್ಲೊಂದು ಸಣ್ಣ ಬಹುಮಾನವಿದೆ. ದಕ್ಷಿಣ ಕನ್ನಡದಿಂದ ಕೊಡಗಿನವರೆಗೆ ‘ಗಡಂಗು’ ಎಂದರೆ ಏನೆಂದು ವಿವರಿಸಬೇಕಿಲ್ಲ: ಹೆಂಡ, ಸಾರಾಯಿ ಮಾರುವ ಜಾಗ. ಕಿಡಂಗು, ಗಿಡ್ಡಂಗಿಗಳ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಮುಖಲಕ್ಷಣ ಒಂದೇ. ಇದು ಗೋಡೌನಿನ ಒಡಹುಟ್ಟು ಇರಬಹುದು ಎಂದು ನನ್ನ ಊಹೆ. ಅಣ್ಣ ವಿದೇಶ ಸುತ್ತಿ ಇಂಗ್ಲಿಷ್ ಕಲಿತು ಗೌರವಸ್ಥನಾದ, ತಮ್ಮ ಊರಲ್ಲೇ ಉಳಿದು ಪೀಪಾಯಿ ಕಾಯತೊಡಗಿದ. ಊರಿನ ಗಡಂಗಿನ ಸುದ್ದಿ ಎತ್ತಿದರೆ ಮುಖ ಸಿಂಡರಿಸುವ ಯಜಮಾನರೇ ಮುಂಬಯಿಯಲ್ಲಿ ಎರಡು ಗೋಡೌನು ಇದೆಯೆಂದು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು.

ವಿರುದ್ಧಾರ್ಥಕ? ಪುಸ್ತಿಕೆಗಳು ಗೋಡೌನಿನ ಎದುರು ಆ ಕಾಲಮು ಖಾಲಿ ಬಿಡುತ್ತವೆ. ಮಸ್ಜಿದ್ ಬಂದರಿನ ಗುಜರಾತಿ ವ್ಯಾಪಾರಿಯನ್ನು ಕೇಳಿದ್ದರೆ ತುಂಬಿಸಿಕೊಡುತ್ತಿದ್ದ: ಪೇಢಿ. ಪೇಢಿಯಲ್ಲಿ ಬಿಳಿ ಗಾದಿ, ಒರಗುದಿಂಬು, ಫೋನು, ಲೆಕ್ಕದ ಪುಸ್ತಕ, ಕಾಗದದ ಪೊಟ್ಟಣದಲ್ಲಿ ಒಂದು ಹಿಡಿ ನಮೂನೆ. ವ್ಯವಹಾರವೆಲ್ಲ ಅಲ್ಲೇ, ಮಾಲು ಮಾತ್ರ ಒಂದು ಚೀಲವೂ ಇರುವುದಿಲ್ಲ. ಗೋಡೌನಿನಲ್ಲಿ ಮಾಲಲ್ಲದೆ ಬೇರೇನೂ ಇರುವುದಿಲ್ಲ. ಇವೆರಡರ ನಡುವಿನ ಕೊಂಡಿಯಾಗಿ ಬ್ಯಾಂಕುಗಳಲ್ಲಿ ‘ಗೋಡೌನ್ ಕೀಪರ್’ ಎಂಬ ಹುದ್ದೆಯೇ ಇತ್ತು. ಸಾಲಕ್ಕೆ ಅಡವಿಟ್ಟ ಮಾಲಿನ ಕೋಣೆಗೆ ಬ್ಯಾಂಕಿನದೇ ಬೀಗ, ಬಾಗಿಲ ಮೇಲೆ ಬ್ಯಾಂಕಿನದೇ ಫಲಕ. ಪೇಢಿಯಲ್ಲಿ ಸಾಲ ತೀರಿದಷ್ಟೇ ಚೀಲಗಳನ್ನು ಎಣಿಸಿ ಹೊರಬಿಡಬೇಕು. ಅದಕ್ಕೆ ‘ಕೀ ಲೋನ್’ ಎಂದು ಹೆಸರು. ಮಂಗಳೂರು, ಉಡುಪಿಗಳಲ್ಲಿ ಹುಟ್ಟಿದ ಬ್ಯಾಂಕುಗಳು ಮುಂಬಯಿಯಲ್ಲಿ ಶಾಖೆ ತೆರೆದ ಮೇಲೆ ಆ ಬೀಗದ ಕೈ ಹಿಡಿದು ಓಡಾಡಿದವರಲ್ಲಿ ನಮ್ಮ ಕಡೆಯವರೂ ಇದ್ದರು.

ಸಂದರ್ಭದ ಮಾತು ಬಂದಾಗ ಕನ್ನಡವೇನೂ ಕಡಿಮೆ ಕಟ್ಟುನಿಟ್ಟಿನದಲ್ಲ. ಮದುವೆಮನೆಯಲ್ಲಿ ಉಗ್ರಾಣ, ಭತ್ತಕ್ಕೆ ಕಣಜ, ಉತ್ತರ ಕರ್ನಾಟಕದಲ್ಲಿ ಜೋಳಕ್ಕೆ ನೆಲದೊಳಗಿನ ಹಗೇವು. ಸಿಮೆಂಟು ಚೀಲಕ್ಕೆ ಇವು ಯಾವುದೂ ಹೊಂದುವುದಿಲ್ಲ. ಅದಕ್ಕೆ ಗೋಡೌನೇ ಆಗಬೇಕು.

ಮುಂಬಯಿಯ ಗೋಡೌನುಗಳು ಬಹಳಷ್ಟು ಈಗ ಭಿವಂಡಿಯಲ್ಲಿವೆ. ಮಹಾನಗರದ ಗಡಿ ದಾಟಿದರೆ ಆಕ್ಟ್ರಾಯ್ ತೆರಬೇಕಿತ್ತು, ಹಾಗಾಗಿ ಮಾಲು ಗಡಿಯಾಚೆಯೇ ಬಿದ್ದಿರುವುದು ಲಾಭ. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಆಕ್ಟ್ರಾಯ್ ಹೋಯಿತು. ಗೋಡೌನುಗಳು ಹೋಗಲಿಲ್ಲ, ಇನ್ನೂ ದೊಡ್ಡವಾದವು, ಹೆಸರು ಬದಲಿಸಿದವು. ಈಗ ಅವು ಲಾಜಿಸ್ಟಿಕ್ಸ್ ಪಾರ್ಕ್, ಫುಲ್‌ಫಿಲ್‌ಮೆಂಟ್ ಸೆಂಟರ್. ನಾಸಿಕ್ ಹೆದ್ದಾರಿಯ ಲಾರಿ ಚಾಲಕ ಇವನ್ನೆಲ್ಲ ಇನ್ನೂ ಗೋಡೌನ್ ಎಂದೇ ಕರೆಯುತ್ತಾನೆ.

ಉಪನಗರಗಳಲ್ಲಿ ಇನ್ನೊಂದು ಹೊಸ ಹೆಸರು ಹುಟ್ಟಿದೆ: ‘ಡಾರ್ಕ್ ಸ್ಟೋರ್’. ಅಂಧೇರಿಯ ಒಳರಸ್ತೆಯಲ್ಲೋ ಘಾಟ್‌ಕೋಪರ್‌ನಲ್ಲೋ ಅರ್ಧ ಎಳೆದ ಶಟರು, ಒಳಗೆ ಕಪಾಟುಗಳ ಸಾಲು, ಹೊರಗೆ ಬೈಕುಗಳ ಹಿಂಡು. ಹತ್ತು ನಿಮಿಷದಲ್ಲಿ ಹಾಲು, ಬ್ರೆಡ್ಡು ಮನೆ ಸೇರುವುದು ಇಲ್ಲಿಂದಲೇ. ಗಿರಾಕಿಗೆ ಮಾತ್ರ ಪ್ರವೇಶವಿಲ್ಲ. ದಾಸ್ತಾನಿನಿಂದ ಅಂಗಡಿಯಾಗಿ ಬೀದಿಗೆ ಬಂದಿದ್ದ ‘ಸ್ಟೋರ್’ ಎಂಬ ಶಬ್ದ ಶಟರು ಎಳೆದುಕೊಂಡು ಮತ್ತೆ ಗೋಡೌನಾಗಿದೆ. ಪುಸ್ತಿಕೆಗಳ ಸಮಾನಾರ್ಥಕದ ಸಾಲಿಗೆ ಅದಿನ್ನೂ ಸೇರಿಲ್ಲ.