ಕರೆಂಟು ಬಂದರೂ ಏಳದ ಸರ್ವರು: ಕಲಬುರಗಿ–ಕಮಲಾಪುರದ ನೆಲೆಯಿಂದ ಒಂದು ಇತಿಹಾಸ

ಕಲಬುರಗಿಯಲ್ಲಿ ಏಪ್ರಿಲ್–ಮೇ ತಿಂಗಳ ಸಂಜೆ ಧೂಳುಗಾಳಿ ಎದ್ದು, ನಾಲ್ಕು ಹನಿ ಬಿದ್ದು, ವಿದ್ಯುತ್ ಕಂಪನಿ ಜೆಸ್ಕಾಂನ ಲೈನು ಹೋಗುವುದು ಯಾರಿಗೂ ಹೊಸತಲ್ಲ. ಸ್ವಲ್ಪ ಹೊತ್ತಿಗೆ ಕರೆಂಟು ಬರುತ್ತದೆ, ಫ್ಯಾನು ತಿರುಗುತ್ತದೆ, ಸರ್ವರ್ ಪೆಟ್ಟಿಗೆಯ ಹಸಿರು ದೀಪವೂ ಹತ್ತುತ್ತದೆ. ಆದರೂ ಕೌಂಟರಿನ ಈಚೆ ನಿಂತವರಿಗೆ ಸಿಗುವ ಉತ್ತರ: "ಸರ್ವರ್ ಬಂದಿಲ್ರಿ, ನಾಳಿ ಬರ್ರಿ." ಯಂತ್ರ ಎದ್ದಿದೆ, ಅದರೊಳಗಿನ ಕೆಲಸ ಎದ್ದಿಲ್ಲ. ಈ ಎರಡರ ನಡುವಿನ ಅಂತರವನ್ನು ಮುಚ್ಚಲು ಕಂಪ್ಯೂಟರ್ ಲೋಕ ಐವತ್ತು ವರ್ಷಗಳಿಂದ ದುಡಿಯುತ್ತಿದೆ. ಆ ದುಡಿಮೆಯ ಕಥೆಯನ್ನು ಕಲಬುರಗಿ ಜಿಲ್ಲೆಯ ಆಡಳಿತ ಗಣಕೀಕರಣದ ಕಥೆಯೊಡನೆ ಇಟ್ಟು ಓದುವುದು ಈ ಲೇಖನದ ಉದ್ದೇಶ. ನನ್ನ ವಾದ ಇಷ್ಟು: ರೀಬೂಟ್ ಆದ ಮೇಲೆ ಏಳದ ಸೇವೆಯ ದೋಷ ಹೆಚ್ಚಾಗಿ ಆ ದಿನ ಹುಟ್ಟಿದ್ದಲ್ಲ. ಯಂತ್ರ ಓಡುತ್ತಿದ್ದಾಗ ಯಾರೋ ಕೈಯಾರೆ ಮಾಡಿದ ಒಂದು ಬದಲಾವಣೆ ಬರಹಕ್ಕೆ ಇಳಿಯದೆ ಉಳಿದಿರುತ್ತದೆ. ಕರೆಂಟು ಹೋಗಿ ಬಂದದ್ದು ಅದನ್ನು ಹೊರಗೆ ತೋರಿಸುತ್ತದೆ, ಅಷ್ಟೇ.

ಪಟವಾರಿಯ ಚೀಲದಿಂದ ಸರ್ವರ್ ಕೋಣೆಗೆ

ನಿಜಾಮರ ಆಳ್ವಿಕೆಯ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಲಬುರಗಿ 1948ರ ಸೆಪ್ಟೆಂಬರ್ 17ರಂದು ಭಾರತ ಒಕ್ಕೂಟಕ್ಕೆ ಸೇರಿತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಹೊಲದ ಲೆಕ್ಕವಾದ ಪಹಣಿ ಈ ಭಾಗದಲ್ಲಿ ಪಟವಾರಿಯ ಕೈಯಲ್ಲಿತ್ತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದುಮಾಡಿದ ನಂತರ ಗ್ರಾಮ ಲೆಕ್ಕಿಗರು ಬಂದರು, ಆದರೆ ದಾಖಲೆ ಇನ್ನೂ ಒಬ್ಬರ ಚೀಲದಲ್ಲೇ ಓಡಾಡುತ್ತಿತ್ತು. ಅವರು ಊರಲ್ಲಿಲ್ಲದಿದ್ದರೆ ಪಹಣಿಯೂ ಇಲ್ಲ.

ಇದನ್ನು ಮುರಿಯಲು ಬಂದದ್ದು ಭೂಮಿ ಯೋಜನೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶ, ರಾಜೀವ್ ಚಾವ್ಲಾ ಅವರ ನೇತೃತ್ವ, ಮೊದಲ ಪ್ರಯೋಗ ಮದ್ದೂರು ತಾಲ್ಲೂಕಿನಲ್ಲಿ. 2002ರ ಹೊತ್ತಿಗೆ ರಾಜ್ಯದ ಎಲ್ಲ ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ಸಿಗತೊಡಗಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಏರಿದ್ದವು. ತಂತ್ರಾಂಶ ವಿಷುಯಲ್ ಬೇಸಿಕ್‌ನದು, ಹಿಂದೆ ನಿಂತದ್ದು ವಿಂಡೋಸ್ ಎನ್‌ಟಿ ಮತ್ತು ಎಸ್‌ಕ್ಯೂಎಲ್ ಸರ್ವರ್. ತಾಲ್ಲೂಕಿಗೊಂದು ಸರ್ವರು, ಅಧಿಕಾರಿಗಳ ಬೆರಳಚ್ಚಿನ ಲಾಗಿನ್.

ಅನೇಕ ಅಧ್ಯಯನಗಳು ಭೂಮಿಯ ಪಾರದರ್ಶಕತೆಯನ್ನು ಹೊಗಳಿವೆ, ಅದು ನ್ಯಾಯವೇ. ನನಗೆ ಇನ್ನೊಂದು ಸಂಗತಿ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಗಣಕೀಕರಣ ಮುಗಿದಲ್ಲೆಲ್ಲ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಹೋಯಿತು. ಅಂದಿನಿಂದ ಸರ್ವರು ಏಳುವುದು ರೈತನ ಸಾಲದ, ಮಾರಾಟದ, ಬೆಳೆವಿಮೆಯ ಪ್ರಶ್ನೆಯಾಯಿತು. ಆಗ ಕಲಬುರಗಿ ತಾಲ್ಲೂಕಿನ ಒಂದು ಹೋಬಳಿಯಾಗಿದ್ದ ಕಮಲಾಪುರದ ಕೆಂಪು ಬಾಳೆಯ ಬೆಳೆಗಾರ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್ ಬಸ್ಸಿನಲ್ಲಿ ಬಂದು ಕಲಬುರಗಿಯ ಕೌಂಟರಿನ ಮುಂದೆ ನಿಲ್ಲಬೇಕಿತ್ತು. ಪಟವಾರಿ ಊರಲ್ಲಿಲ್ಲ ಎಂಬ ಉತ್ತರದ ಜಾಗಕ್ಕೆ ಸರ್ವರು ಬಂದಿಲ್ಲ ಎಂಬ ಉತ್ತರ ಬರುವ ಸಾಧ್ಯತೆ ಅಲ್ಲಿಂದ ಶುರುವಾಯಿತು.

ಏಳಿಸುವ ಕ್ರಮ ಬರಹಕ್ಕೆ ಇಳಿದ ಬಗೆ

ಮೊದಮೊದಲ ಗಣಕಗಳಲ್ಲಿ ಏಳಿಸುವುದು ಆಪರೇಟರನ ಕೆಲಸ. ಯಾವ ಟೇಪು ಮೊದಲು, ಯಾವ ಗುಂಡಿ ನಂತರ ಎಂಬುದು ಆತನ ಕೈಗೆ ಗೊತ್ತಿತ್ತು. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಆ ಕೈಯರಿವನ್ನು ಕಡತಕ್ಕೆ ಇಳಿಸಿತು: ಇನಿಟ್ ಎಂಬ ಒಂದನೆಯ ಪ್ರೋಸೆಸ್ ಎದ್ದು, ಆರ್‌ಸಿ ಎಂಬ ಕಡತದಲ್ಲಿ ಬರೆದ ಆಜ್ಞೆಗಳನ್ನು ಸಾಲಾಗಿ ನಡೆಸುತ್ತದೆ. 1983ರ ಸಿಸ್ಟಮ್ ಫೈವ್ ಮಾದರಿಯನ್ನು ಅನುಸರಿಸಿದ ರೆಡ್‌ಹ್ಯಾಟ್ ಲಿನಕ್ಸ್‌ನಲ್ಲಿ ಪ್ರತಿ ಸೇವೆಗೂ ಒಂದು ಸಂಖ್ಯೆ ಇತ್ತು. ನೆಟ್‌ವರ್ಕ್‌ಗೆ 10, ದತ್ತಸಂಚಯಗಳಾದ ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಸ್‌ಗೆ 64, ಅಪಾಚೆ ವೆಬ್ ಸರ್ವರಿಗೆ 85. ಮಲಗಿಸುವಾಗ ಅದೇ ಲೆಕ್ಕ ತಿರುಗುಮುರುಗು: ಅಪಾಚೆ 15, ದತ್ತಸಂಚಯ 36, ನೆಟ್‌ವರ್ಕ್ 90. ಕೊನೆಗೆ ಎದ್ದದ್ದು ಮೊದಲು ಮಲಗುತ್ತದೆ. ನನಗೆ ಇಂದಿಗೂ ಇಷ್ಟವಾಗುವ ಲೆಕ್ಕ ಇದು. ಯಾರು ಯಾರನ್ನು ಕಾಯಬೇಕು ಎಂಬುದು ಕಡತದ ಹೆಸರಿನಲ್ಲೇ ಓದಲು ಸಿಗುತ್ತಿತ್ತು.

ಆ ಲೆಕ್ಕಕ್ಕೆ ಒಂದು ದೊಡ್ಡ ಕೊರತೆಯೂ ಇತ್ತು. 64ರ ಸೇವೆ ಶುರುವಾಯಿತು ಎಂದರೆ ಅದು ಕೆಲಸಕ್ಕೆ ಸಿದ್ಧವಾಯಿತು ಎಂದಲ್ಲ. ಥಟ್ಟನೆ ಕರೆಂಟು ಹೋದಾಗ 36ರ ಮಲಗಿಸುವ ಆಜ್ಞೆ ನಡೆದೇ ಇರುವುದಿಲ್ಲ, ಹಾಗಾಗಿ ದತ್ತಸಂಚಯ ಎದ್ದೊಡನೆ ಅರ್ಧಕ್ಕೆ ನಿಂತ ವ್ಯವಹಾರಗಳನ್ನು ತನ್ನ ದಿನಚರಿ ಕಡತದಿಂದ ಸರಿಪಡಿಸಿಕೊಳ್ಳಬೇಕಾಗುತ್ತದೆ. ಆ ಹೊತ್ತಿನಲ್ಲಿ 85ರ ಸೇವೆ ಬಾಗಿಲು ತಟ್ಟಿ, ಉತ್ತರ ಸಿಗದೆ ಸತ್ತುಹೋಗಬಹುದು. ಆಡಳಿತಗಾರ ಕೈಯಾರೆ ರೀಬೂಟ್ ಮಾಡಿ ನೋಡಿದಾಗ ಎಲ್ಲವೂ ಸರಿ, ಕರೆಂಟು ಹೋಗಿ ಬಂದಾಗ ಮಾತ್ರ ಕೆಡುತ್ತದೆ ಎಂಬ ಒಗಟಿನ ಮೂಲ ಬಹಳ ಕಡೆ ಇಲ್ಲಿದೆ.

ವಿಂಡೋಸ್ ಎನ್‌ಟಿ 1993ರಲ್ಲಿ ಬಂದಾಗ ಸರ್ವಿಸ್ ಕಂಟ್ರೋಲ್ ಮ್ಯಾನೇಜರ್ ಎಂಬ ಬೇರೆ ದಾರಿ ತಂತು. ಯಾವ ಸೇವೆ ಯಾವುದನ್ನು ನೆಚ್ಚಿದೆ ಎಂದು ರಿಜಿಸ್ಟ್ರಿಯಲ್ಲಿ ಬರೆಯುವುದು ಅಲ್ಲಿನ ಪದ್ಧತಿ. ಶುರುವಾದ ಸೇವೆ 30 ಸೆಕೆಂಡಿನೊಳಗೆ ಓಗೊಡದಿದ್ದರೆ ವ್ಯವಸ್ಥೆ ಕೈಬಿಡುತ್ತದೆ, ಈವೆಂಟ್ ವ್ಯೂವರಿನಲ್ಲಿ 7009 ಮತ್ತು 7000 ಎಂಬ ಎರಡು ಸಂಖ್ಯೆಗಳು ಉಳಿಯುತ್ತವೆ. ಆಧಾರವಾದ ಸೇವೆಯೇ ಏಳದಿದ್ದರೆ 7001. ಕರೆಂಟು ಥಟ್ಟನೆ ಹೋಗಿತ್ತು ಎಂಬುದಕ್ಕೆ 6008. ಸಮಸ್ಯೆ ಬಿಡಿಸುವವರು ಈ ನಾಲ್ಕನ್ನು ಕಾಲಕ್ರಮದಲ್ಲಿ ಇಟ್ಟು ಓದಿದರೆ ಅರ್ಧ ಕೆಲಸ ಮುಗಿದಂತೆ.

ಲಿನಕ್ಸ್ ಕಡೆ 2006ರಲ್ಲಿ ಉಬುಂಟು ಅಪ್‌ಸ್ಟಾರ್ಟ್ ತಂದಿತು. 2010ರ ಏಪ್ರಿಲ್‌ನಲ್ಲಿ ಲೆನಾರ್ಟ್ ಪೊಟರಿಂಗ್ ಸಿಸ್ಟಮ್‌ಡಿಯನ್ನು ಲೋಕದ ಮುಂದಿಟ್ಟರು, ಕೇ ಸೀವರ್ಸ್ ಜೊತೆಗಿದ್ದರು. 2011ರಲ್ಲಿ ಫೆಡೋರಾ, 2014ರಲ್ಲಿ ರೆಡ್‌ಹ್ಯಾಟ್ 7, 2015ರಲ್ಲಿ ಡೆಬಿಯನ್ ಮತ್ತು ಉಬುಂಟು ಅದನ್ನು ಒಪ್ಪಿಕೊಂಡವು. ಸಾಲಾಗಿ ಏಳುತ್ತಿದ್ದ ಸೇವೆಗಳು ಅಲ್ಲಿಂದ ಒಟ್ಟೊಟ್ಟಿಗೆ ಏಳತೊಡಗಿದವು. ವೇಗ ಬಂತು, ಆದರೆ ಸಂಖ್ಯೆಯ ಸಾಲಿನಲ್ಲಿ ಅಡಗಿದ್ದ ಕಾಯುವಿಕೆ ಹೋಯಿತು. ಯಾರನ್ನು ಕಾಯಬೇಕೆಂದು ಬಾಯಿಬಿಟ್ಟು ಹೇಳದ ಸೇವೆ ಈಗ ಯಾರನ್ನೂ ಕಾಯುವುದಿಲ್ಲ.

ಹಿಂದೆಯೇ ಆದ ತಪ್ಪು, ಈಗ ಕಂಡದ್ದು

ದೋಷಗಳ ವಿವರಕ್ಕೆ ಬರೋಣ. ಅತಿ ಸಾಮಾನ್ಯವಾದದ್ದು ಸಿಸ್ಟಮ್‌ಡಿಯಲ್ಲಿ ಸ್ಟಾರ್ಟ್ ಮತ್ತು ಎನೇಬಲ್ ಎಂಬ ಎರಡು ಆಜ್ಞೆಗಳ ಗೊಂದಲ. ಸ್ಟಾರ್ಟ್ ಎಂದರೆ ಈಗ ಓಡಿಸು, ಎನೇಬಲ್ ಎಂದರೆ ಇನ್ನು ಮುಂದೆ ಪ್ರತಿ ಬಾರಿಯೂ ಏಳಿಸು. ಮೊದಲನೆಯದನ್ನಷ್ಟೇ ಕೊಟ್ಟವರ ಸೇವೆ ತಿಂಗಳುಗಟ್ಟಲೆ ಚೆನ್ನಾಗಿ ಓಡುತ್ತದೆ, ರೀಬೂಟ್ ಆದ ದಿನ ಕಾಣೆಯಾಗುತ್ತದೆ.

ವಿಂಡೋಸ್‌ನಲ್ಲಿ ಇದಕ್ಕಿಂತ ಮೋಸದ ಪ್ರಕರಣವೊಂದಿದೆ. ಸೇವೆಯನ್ನು ಒಬ್ಬ ನೌಕರರ ಖಾತೆಯ ಹೆಸರಲ್ಲಿ ಓಡಿಸಿರುತ್ತಾರೆ. ಮುಂದೆಂದೋ ಆ ಖಾತೆಯ ಪಾಸ್‌ವರ್ಡ್ ಬದಲಾಗುತ್ತದೆ. ಓಡುತ್ತಿರುವ ಸೇವೆಗೆ ಅದರಿಂದ ಏನೂ ಆಗುವುದಿಲ್ಲ. ಮರುದಿನವೋ ಮರುವರ್ಷವೋ ಯಂತ್ರ ಮರಳಿ ಎದ್ದಾಗ 1069 ಎಂಬ ದೋಷಸಂಖ್ಯೆ ತೋರಿಸಿ ಸೇವೆ ನಿಲ್ಲುತ್ತದೆ. ಆ ನೌಕರರು ಅಷ್ಟರಲ್ಲಿ ವರ್ಗವಾಗಿ ಹೋಗಿರುತ್ತಾರೆ. ತಂತ್ರಾಂಶವನ್ನು ಸೇವೆಯಾಗಿ ಕೂರಿಸದೆ ಸ್ಟಾರ್ಟ್‌ಅಪ್ ಫೋಲ್ಡರಿಗೆ ಹಾಕಿದ್ದರೂ ಇದೇ ಪಾಡು: ಯಾರಾದರೂ ಬಂದು ಲಾಗಿನ್ ಆಗುವವರೆಗೆ ಅದು ಏಳುವುದಿಲ್ಲ. ರಾತ್ರಿ ಕರೆಂಟು ಬಂದ ಕಚೇರಿಯಲ್ಲಿ ಲಾಗಿನ್ ಆಗುವವರು ಯಾರು?

ಲಿನಕ್ಸ್‌ನಲ್ಲಿ ಕೈಯಾರೆ ಜೋಡಿಸಿದ ಡಿಸ್ಕು ಎಫ್‌ಸ್ಟ್ಯಾಬ್ ಕಡತದಲ್ಲಿ ಬರೆದಿರದಿದ್ದರೆ ರೀಬೂಟ್ ಆದ ಮೇಲೆ ಇರುವುದಿಲ್ಲ. ತಾತ್ಕಾಲಿಕವೆಂದು ಸಡಿಲಿಸಿದ ಎಸ್‌ಇಲಿನಕ್ಸ್ ಕಾವಲು ಮರಳಿ ಬಿಗಿಯಾಗುತ್ತದೆ. 2011ರಿಂದೀಚೆಗೆ ರನ್ ಎಂಬ ಕೋಶ ನೆನಪಿನಲ್ಲಷ್ಟೇ ಇರುವಂಥದ್ದಾಯಿತು, ಆದ್ದರಿಂದ ಅದರೊಳಗೆ ಕೈಯಾರೆ ಮಾಡಿದ ಉಪಕೋಶ ಪ್ರತಿ ಬೂಟಿಗೂ ಅಳಿಸಿಹೋಗುತ್ತದೆ, ಅಲ್ಲಿ ತನ್ನ ಗುರುತುಕಡತ ಬರೆಯಬೇಕಾದ ಸೇವೆ ಜಾಗವಿಲ್ಲವೆಂದು ನಿಲ್ಲುತ್ತದೆ. ಸೇವೆಯ ವಿವರಣೆಯಲ್ಲಿ ರನ್‌ಟೈಮ್ ಡೈರೆಕ್ಟರಿ ಎಂಬ ಒಂದು ಸಾಲು ಬರೆದರೆ ಈ ತೊಂದರೆ ಮುಗಿಯುತ್ತದೆ.

ಕಾಲಮಿತಿಯ ದೋಷಗಳನ್ನು ಹಿಡಿಯುವುದು ಇನ್ನೂ ಕಷ್ಟ. ಸಿಸ್ಟಮ್‌ಡಿ ಒಂದು ಸೇವೆ ಸಿದ್ಧವಾಗಲು ಸಾಮಾನ್ಯವಾಗಿ 90 ಸೆಕೆಂಡು ಕೊಡುತ್ತದೆ. ಥಟ್ಟನೆ ನಿಂತ ದೊಡ್ಡ ದತ್ತಸಂಚಯಕ್ಕೆ ತನ್ನನ್ನು ಸರಿಪಡಿಸಿಕೊಳ್ಳಲು ಅಷ್ಟು ಹೊತ್ತು ಸಾಲದಿರಬಹುದು. ಆಗ ವ್ಯವಸ್ಥೆ ಅದನ್ನು ಕೊಲ್ಲುತ್ತದೆ, ಮತ್ತೆ ಏಳಿಸಿದಾಗ ಅದೇ ಸರಿಪಡಿಕೆ ಮೊದಲಿನಿಂದ. ಪೋಸ್ಟ್‌ಗ್ರೆಸ್‌ನ ಕೈಪಿಡಿಯೇ ಈ ಮಿತಿಯನ್ನು ತೆಗೆಯಲು ಸಲಹೆ ಕೊಡುತ್ತದೆ. ಬಿದ್ದ ಸೇವೆಯನ್ನು ತಾನಾಗಿ ಎಬ್ಬಿಸಲು ಬರೆದಿಟ್ಟಿದ್ದರೂ 10 ಸೆಕೆಂಡಿನಲ್ಲಿ 5 ಬಾರಿ ಸೋತರೆ ಸಿಸ್ಟಮ್‌ಡಿ ಪ್ರಯತ್ನ ನಿಲ್ಲಿಸುತ್ತದೆ. ಎರಡು ಪ್ರಯತ್ನಗಳ ನಡುವಿನ ಬಿಡುವು ಸೆಕೆಂಡಿನ ಹತ್ತನೇ ಒಂದು ಭಾಗ. ಅಂದರೆ ದತ್ತಸಂಚಯ ಕಣ್ಣುಬಿಡುವ ಮೊದಲೇ ಐದೂ ಪ್ರಯತ್ನ ತೀರಿಹೋಗಬಹುದು. ಬಿಡುವನ್ನು 30 ಸೆಕೆಂಡಿಗೆ ಏರಿಸಿದರೆ ಅದೇ ಸೇವೆ ತಾನೇ ಎದ್ದು ನಿಲ್ಲುತ್ತದೆ.

ಇವಕ್ಕೆ ಕಲಬುರಗಿಯ ಬಿಸಿಲೂ ಸೇರುತ್ತದೆ. ಸೀಸ–ಆಮ್ಲದ ಯುಪಿಎಸ್ ಬ್ಯಾಟರಿಯ ಆಯುಷ್ಯ 25 ಡಿಗ್ರಿಗಿಂತ ಪ್ರತಿ 10 ಡಿಗ್ರಿ ಏರಿಕೆಗೆ ಅರ್ಧವಾಗುತ್ತದೆ ಎಂಬುದು ಆ ಉದ್ಯಮದ ರೂಢಿಯ ಲೆಕ್ಕ, ಇಲ್ಲಿ ಬೇಸಿಗೆಯ ಮಧ್ಯಾಹ್ನ 40 ದಾಟುತ್ತದೆ. ಸರ್ವರಿನೊಳಗಿನ ನಾಣ್ಯದಂಥ ಸೀಮಾಸ್ ಬ್ಯಾಟರಿ ಮುಗಿದಿದ್ದರೆ ಕರೆಂಟು ಹೋಗಿ ಬಂದಾಗ ಯಂತ್ರದ ಗಡಿಯಾರ ಹಳೆಯ ವರ್ಷಕ್ಕೆ ಜಾರುತ್ತದೆ. ಆಗ ಭದ್ರತಾ ಪ್ರಮಾಣಪತ್ರಗಳು ಇನ್ನೂ ಜಾರಿಗೆ ಬಾರದವೆಂದು ತಿರಸ್ಕಾರವಾಗುತ್ತವೆ, ವಿಂಡೋಸ್ ಡೊಮೇನಿನಲ್ಲಾದರೆ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸಕ್ಕೆ ಲಾಗಿನ್ನೇ ಆಗುವುದಿಲ್ಲ. ಅಲ್ಪ ಬೆಲೆಯ ಒಂದು ಬ್ಯಾಟರಿ ಇಡೀ ಕಚೇರಿಯನ್ನು ನಿಲ್ಲಿಸುವುದು ಹೀಗೆ.

ಕಾರಣ ಹುಡುಕುವವರಿಗೆ ಸಾಕ್ಷ್ಯವೂ ಉಳಿದಿರಬೇಕು. ಸಿಸ್ಟಮ್‌ಡಿಯ ದಾಖಲೆಯನ್ನು ಡಿಸ್ಕಿಗೆ ಬರೆಯುವಂತೆ ಏರ್ಪಾಡು ಮಾಡಿರದಿದ್ದರೆ ಹಿಂದಿನ ಬೂಟಿನ ಮಾಹಿತಿ ರೀಬೂಟಿನೊಡನೆ ಹೋಗುತ್ತದೆ. ವಾರ್ ಕೋಶದ ಲಾಗ್‌ನೊಳಗೆ ಜರ್ನಲ್ ಎಂಬ ಉಪಕೋಶ ಇದೆಯೇ ಎಂದು ಮೊದಲು ನೋಡಬೇಕು. ಗಾಬರಿಯಲ್ಲಿ ಸೇವೆಯನ್ನು ಕೈಯಾರೆ ಎಬ್ಬಿಸಿ ಸುಮ್ಮನಾಗುವುದು ನಮ್ಮಲ್ಲಿ ಬೇರೂರಿದ ಅಭ್ಯಾಸ. ಹಾಗೆ ಎಬ್ಬಿಸಿದ ಕ್ಷಣಕ್ಕೇ ಮುಂದಿನ ಸೋಲನ್ನು ಕಾದಿರಿಸಿದಂತಾಗುತ್ತದೆ. ಪಟವಾರಿಯ ಚೀಲದಿಂದ ದಾಖಲೆಯನ್ನು ಬಿಡಿಸಿ ತಂದ ವ್ಯವಸ್ಥೆ, ಅದನ್ನು ಎಬ್ಬಿಸುವ ವಿದ್ಯೆಯನ್ನು ಮತ್ತೆ ಒಬ್ಬ ಗುತ್ತಿಗೆ ಆಪರೇಟರನ ನೆನಪಿಗೆ ಒಪ್ಪಿಸಿದರೆ ಬಿಡಿಸಿ ತಂದದ್ದು ಅರ್ಧವೇ.

ಕಮಲಾಪುರದ ಮೇಜಿನ ಮೇಲೆ

ತಾಲ್ಲೂಕು ಸರ್ವರುಗಳ ಕಾಲ ಹೆಚ್ಚು ದಿನ ಉಳಿಯಲಿಲ್ಲ. ದತ್ತಾಂಶ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋಯಿತು, ಜಾತಿ–ಆದಾಯ ಪತ್ರಗಳು ಅಟಲ್‌ಜೀ ಜನಸ್ನೇಹಿ ಕೇಂದ್ರಗಳ ಮೂಲಕ ಹೋಬಳಿಗೇ ಬಂದವು. 2012ರಲ್ಲಿ ಸರ್ಕಾರಿ ಸೇವೆಗಳಿಗೆ ಕಾಲಮಿತಿ ಹಾಕುವ ಸಕಾಲ ಯೋಜನೆ ಜಾರಿಯಾಗಿ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರದ ಹಕ್ಕು ಸಿಕ್ಕಿತು. 2018ರಲ್ಲಿ ಕಮಲಾಪುರವೇ ತಾಲ್ಲೂಕಾಯಿತು.

ಸರ್ವರು ದೂರ ಹೋದ ಮಾತ್ರಕ್ಕೆ ಏಳಿಸುವ ಸಮಸ್ಯೆ ಕಮಲಾಪುರವನ್ನು ಬಿಟ್ಟಿಲ್ಲ. ಆಧಾರ್ ಬೆರಳಚ್ಚು ಪಡೆಯುವ ಪ್ರತಿ ವಿಂಡೋಸ್ ಗಣಕದಲ್ಲೂ ಆರ್‌ಡಿ ಸರ್ವಿಸ್ ಎಂಬ ಸೇವೆ ಓಡಬೇಕು. ಅದು ಅದೇ ಗಣಕದ 11100ರಿಂದ 11120ರವರೆಗಿನ ಪೋರ್ಟ್‌ಗಳಲ್ಲಿ ಒಂದರಲ್ಲಿ ಕುಳಿತು, ಬ್ರೌಸರ್ ಕೇಳಿದಾಗ ರೆಡಿ ಅಥವಾ ನಾಟ್‌ರೆಡಿ ಎಂದು ಉತ್ತರಿಸುತ್ತದೆ. ಸಾಧನವನ್ನು ದೃಢೀಕರಿಸಲು ಅದಕ್ಕೆ ಇಂಟರ್‌ನೆಟ್ ಬೇಕು. ಕರೆಂಟು ಬಂದಾಗ ಗಣಕ ಬೇಗ ಏಳುತ್ತದೆ, ಮೋಡೆಮ್ ಲೈನು ಹಿಡಿಯಲು ಇನ್ನಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಆ ನಡುವೆ ಎದ್ದ ಸೇವೆ ನಾಟ್‌ರೆಡಿಯಲ್ಲೇ ನಿಲ್ಲಬಹುದು. ಪಿಂಚಣಿಗೆ ಬಂದ ಅಜ್ಜಿಯ ಬೆರಳು ಸವೆದಿದೆ ಎಂದು ಆಗ ತಿಳಿಯುತ್ತಾರೆ. ಬೆರಳನ್ನು ದೂರುವ ಮೊದಲು ಸೇವೆಯ ಸ್ಥಿತಿಯನ್ನು ನೋಡಬೇಕು ಎಂದು ಪ್ರತಿ ಕೇಂದ್ರದ ಗೋಡೆಯ ಮೇಲೆ ಬರೆಯಬೇಕೆಂಬುದು ನನ್ನ ಒತ್ತಾಯ. ಪರಿಹಾರ ವಿಂಡೋಸ್‌ನಲ್ಲೇ ಇದೆ: ವಿಸ್ಟಾ ಕಾಲದಿಂದ ಬಂದ ತಡವಾಗಿ ತಾನಾಗಿ ಶುರುವಾಗುವ ಆಯ್ಕೆ ಸೇವೆಯನ್ನು ಎರಡು ನಿಮಿಷ ತಡೆದು ಏಳಿಸುತ್ತದೆ, ರಿಕವರಿ ಪುಟದಲ್ಲಿ ಸೋತರೆ ಮತ್ತೆ ಏಳಿಸು ಎಂದು ಬರೆಯಬಹುದು.

2024ರ ಜುಲೈ 19ರಂದು ಭದ್ರತಾ ತಂತ್ರಾಂಶದ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ದೋಷಪೂರಿತ ಕಡತದಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದು, ಬಹಳಷ್ಟು ಮತ್ತೆ ಮತ್ತೆ ರೀಬೂಟ್ ಆಗುತ್ತಲೇ ಉಳಿದವು. ಅನೇಕ ಕಡೆ ಒಂದೊಂದು ಯಂತ್ರದ ಮುಂದೆಯೂ ಮನುಷ್ಯ ಕುಳಿತು ಕೈಯಾರೆ ಎಬ್ಬಿಸಬೇಕಾಯಿತು. ದೊಡ್ಡ ವಿಮಾನ ನಿಲ್ದಾಣಗಳಿಗೂ ಆ ಕೈ ಬೇಕಾಯಿತು ಎಂದ ಮೇಲೆ ಕಮಲಾಪುರದ ಕೇಂದ್ರಕ್ಕೆ ಬರಹದ ಕ್ರಮ ಎಷ್ಟು ಅಗತ್ಯ ಎಂದು ಬೇರೆ ಹೇಳಬೇಕಿಲ್ಲ.

ಆ ಕ್ರಮವನ್ನು ಪರೀಕ್ಷಿಸುವ ದಾರಿ ಒಂದೇ. ಫೆಬ್ರವರಿಯ ಎರಡನೇ ಶನಿವಾರ, ಮೇ ತಿಂಗಳ ಗಾಳಿಮಳೆಗೆ ಮುಂಚೆ, ದತ್ತಾಂಶದ ಪ್ರತಿ ತೆಗೆದಿಟ್ಟು, ಗಣಕ, ಸ್ವಿಚ್ಚು, ಮೋಡೆಮ್ ಎಲ್ಲಕ್ಕೂ ಒಟ್ಟಿಗೆ ಕರೆಂಟು ತೆಗೆದು ಒಟ್ಟಿಗೆ ಕೊಡಬೇಕು. ಕೀಲಿಮಣೆಯನ್ನು ಯಾರೂ ಮುಟ್ಟದೆ ಹದಿನೈದು ನಿಮಿಷ ಕಾಯಬೇಕು. ಆ ಹೊತ್ತಿಗೆ ಏಳದೆ ಉಳಿದ ಪ್ರತಿ ಸೇವೆಯ ಹೆಸರನ್ನೂ, ಅದು ಯಾರನ್ನು ಕಾಯಬೇಕಿತ್ತು ಎಂಬುದನ್ನೂ ಕಚೇರಿಯ ರಿಜಿಸ್ಟರಿನಲ್ಲಿ ಬರೆದು, ಒಂದೊಂದನ್ನೇ ತಿದ್ದಿ, ಮತ್ತೆ ಕರೆಂಟು ತೆಗೆದು ನೋಡಬೇಕು.