ವಾರಾನ್ನದ ಮನೆಯಿಂದ ಎನ್ನೆಸ್ಸೆಸ್ ಶಿಬಿರಕ್ಕೆ

ಹರಿಹರ, ದಾವಣಗೆರೆ ಸುತ್ತಿನ ಹಳ್ಳಿಗಳಿಗೆ ರಾಷ್ಟ್ರೀಯ ಸೇವಾ ಯೋಜನೆಯ (ಎನ್ನೆಸ್ಸೆಸ್) ಶಿಬಿರ ಹೊಸದಲ್ಲ. ಕಾಲೇಜಿನ ಐವತ್ತು ಹುಡುಗ ಹುಡುಗಿಯರು ಚಾಪೆ, ತಟ್ಟೆ, ಲೋಟ ಹಿಡಿದು ಬಸ್ಸಿಳಿಯುತ್ತಾರೆ. ಸರ್ಕಾರಿ ಶಾಲೆಯ ಕೊಠಡಿಗಳೇ ಅವರ ಬಿಡಾರ. ಬೆಳಗ್ಗೆ ಪ್ರಭಾತ ಫೇರಿ, ಆಮೇಲೆ ಸಲಿಕೆ, ಬಾಂಡ್ಲಿ ಹಿಡಿದು ಶ್ರಮದಾನ, ಮಧ್ಯಾಹ್ನ ಮನೆಮನೆ ಸಮೀಕ್ಷೆ, ರಾತ್ರಿ ಹಾಡು, ನಾಟಕ. ಶಾಲೆ ಬಿಟ್ಟ ಮಕ್ಕಳು ಈ ಮನೆಯಲ್ಲಿದ್ದಾರೆಯೇ ಎಂಬ ಪ್ರಶ್ನೆ ಸಮೀಕ್ಷೆಯ ಹಾಳೆಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಏಳನೆಯ ದಿನ ಸಮಾರೋಪ, ಎಲ್ಲರೂ ವಾಪಸ್ಸು.

ಮಕ್ಕಳನ್ನು ಶಾಲೆಯಲ್ಲಿ ಉಳಿಸುವ ಕೆಲಸ ಒಂದು ಕಾಲದಲ್ಲಿ ಇದಕ್ಕೆ ತಿರುವುಮುರುವಾಗಿತ್ತು. ಆಗ ಊರು ಸಾಕುತ್ತಿದ್ದುದು ಸೇವೆಗೆ ಬಂದವರನ್ನಲ್ಲ, ಓದಲು ಬಂದವರನ್ನು. ಹಳ್ಳಿಯಿಂದ ಪೇಟೆಯ ಶಾಲೆಗೆ ಬಂದ ಬಡ ಹುಡುಗ ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ ಉಣ್ಣುವ ವಾರಾನ್ನ ಹಳೆ ಮೈಸೂರು ಸೀಮೆಯಲ್ಲೆಲ್ಲ ಇತ್ತು. ಒಂದು ವಾರದ ಮನೆ ತಪ್ಪಿದರೆ ಆ ದಿನ ಉಪವಾಸ. ಎರಡು ಮೂರು ತಪ್ಪಿದರೆ ಪುಸ್ತಕ ಕಟ್ಟಿಟ್ಟು ಊರಿಗೆ. ಆದರೆ ಆ ಹೊಸ್ತಿಲು ಎಲ್ಲ ಮಕ್ಕಳಿಗೂ ತೆರೆದಿರಲಿಲ್ಲ. ಯಾವ ಜಾತಿಯ ಹುಡುಗ ಯಾರ ಮನೆಯಲ್ಲಿ ಉಣ್ಣಬಹುದು ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು.

ಆ ಕೊರತೆಯ ಒಂದು ಪಾಲನ್ನು ಮಠಗಳು ತುಂಬಿದವು. ಚಿತ್ರದುರ್ಗ ಬೃಹನ್ಮಠದ ಜಯದೇವ ಜಗದ್ಗುರುಗಳು ಹಲವು ಊರುಗಳಲ್ಲಿ ಉಚಿತ ಪ್ರಸಾದ ನಿಲಯ ತೆರೆಸಿದರು. ದಾವಣಗೆರೆಯ ಜಯದೇವ ಸರ್ಕಲ್‌ನಲ್ಲಿ ಬಸ್ಸಿಗೆ ಕಾಯುವವರ ಬಾಯಲ್ಲಿ ಇಂದಿಗೂ ಅವರ ಹೆಸರಿದೆ. 1913ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆರಂಭಿಸಿದವರು ಮೃತ್ಯುಂಜಯ ಸ್ವಾಮಿಗಳು ಮತ್ತು ಹರ್ಡೇಕರ ಮಂಜಪ್ಪ. ಸ್ವಾಮಿಗಳು ಮುಂದೆ ಧಾರವಾಡದ ಮುರುಘಾಮಠದಲ್ಲಿ ಬಡ ವಿದ್ಯಾರ್ಥಿಗಳ ಊಟ, ವಸತಿಗೆ ನಿಂತರು. ಶಾಲಾಮಾಸ್ತರಿಕೆ ಬಿಟ್ಟು ಪತ್ರಿಕೆ ಹಿಡಿದಿದ್ದ ಮಂಜಪ್ಪನವರು ಹರಿಹರದ ಬಳಿ ತುಂಗಭದ್ರೆಯ ದಡದಲ್ಲಿ ಆಶ್ರಮ ನಡೆಸಿ, ಆಮೇಲೆ ಆಲಮಟ್ಟಿಗೆ ಹೋಗಿ ವಿದ್ಯಾಲಯ ಕಟ್ಟಿದರು.

ದಲಿತ ಮತ್ತು ಹಿಂದುಳಿದ ಮಕ್ಕಳ ಪಾಲಿಗೆ ನಿಜವಾದ ಆಸರೆಯಾದದ್ದು ಸರ್ಕಾರಿ ಹಾಸ್ಟೆಲ್, ಅದರಲ್ಲೂ ದೇವರಾಜ ಅರಸರ ಕಾಲದ ವಿಸ್ತರಣೆಯ ನಂತರ. 1938ರಲ್ಲಿ ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪ ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದುಕೊಂಡು ದಲಿತ ಸಂಘರ್ಷ ಸಮಿತಿ ಕಟ್ಟಿದಾಗ ಅವರ ಜೊತೆ ಬೀದಿಗಿಳಿದವರಲ್ಲಿ ಅನೇಕರು ಹಾಸ್ಟೆಲ್ ಹುಡುಗರೇ.

ಓದುವವರೇ ಊರಿನ ಸೇವೆಗೆ ಹೋಗುವ ಯೋಚನೆ ಬಂದದ್ದು ದೆಹಲಿಯಿಂದ. 1959ರಲ್ಲಿ ಸಿ.ಡಿ. ದೇಶಮುಖ್ ಸಮಿತಿ, ವಿದ್ಯಾರ್ಥಿಗಳಿಗೆ ಒಂಬತ್ತು ತಿಂಗಳಿಂದ ಒಂದು ವರ್ಷದ ರಾಷ್ಟ್ರೀಯ ಸೇವೆ ಕಡ್ಡಾಯವಾಗಲಿ ಎಂದಿತ್ತು. ಖರ್ಚು ನೋಡಿ ಸರ್ಕಾರ ಹಿಂದೆ ಸರಿಯಿತು. ಶಿಕ್ಷಣತಜ್ಞ ಕೆ.ಜಿ. ಸೈಯಿದೈನ್ ಹೊರದೇಶಗಳ ಪದ್ಧತಿಗಳನ್ನು ಅಭ್ಯಾಸ ಮಾಡಿ, ಕಡ್ಡಾಯ ಬೇಡ, ಸ್ವಇಚ್ಛೆಯಿರಲಿ ಎಂದರು. ಕೊನೆಗೆ 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆ ಶುರುವಾಯಿತು. ಅದಕ್ಕೆ ಚಾಲನೆ ಕೊಟ್ಟ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಆಗ ಪಕ್ಕದ ಬಳ್ಳಾರಿಯ ಸಂಸದರು ಎಂಬುದು ಈ ಭಾಗದಲ್ಲಿ ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ. ಒಂದು ವರ್ಷದ ಕನಸು ವರ್ಷಕ್ಕೆ 120 ಗಂಟೆ ಮತ್ತು ಒಂದು ಶಿಬಿರಕ್ಕೆ ಇಳಿದಿತ್ತು.

ಅಮೆರಿಕದಲ್ಲಿ 1988ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ‘ಸಿಟಿ ಇಯರ್’ ದೇಶಮುಖರು ಕೇಳಿದ್ದನ್ನೇ ಬೇರೆ ರೀತಿಯಲ್ಲಿ ಮಾಡುತ್ತಿದೆ. ಸ್ವಇಚ್ಛೆಯಿಂದ ಬಂದ ತರುಣರು ಇಡೀ ವರ್ಷ ಒಂದೇ ಶಾಲೆಯಲ್ಲಿದ್ದು, ಹಾಜರಿ ತಪ್ಪುವ, ಪಾಠದಲ್ಲಿ ಹಿಂದೆ ಬೀಳುವ ಮಕ್ಕಳ ಬೆನ್ನಿಗೆ ನಿಲ್ಲುತ್ತಾರೆ. ನಮ್ಮ ಎನ್ನೆಸ್ಸೆಸ್ ಹುಡುಗರ ಉತ್ಸಾಹ ಅದಕ್ಕಿಂತ ಕಡಿಮೆಯದೇನಲ್ಲ. 1986ರಲ್ಲಿ ಸಾಕ್ಷರತೆಗೆ ವಿದ್ಯಾರ್ಥಿಗಳನ್ನು ಕರೆದಾಗಲೂ ಕೈಜೋಡಿಸಿದವರು ಅವರೇ. ಅವರಿಗೆ ಸಿಗದಿದ್ದದ್ದು ಸಮಯ.

ಸಮಯ ಎಷ್ಟು ಬೇಕೆಂಬುದು ಗೊತ್ತಾಗಬೇಕಾದರೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನು ನೋಡಬೇಕು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪು ಹಚ್ಚಿ, ಕಾದ ಮರಳಿನಲ್ಲಿ ಹುರಿದು, ಜರಡಿ ಹಿಡಿದು, ಚೀಲ ತುಂಬುವವರೆಗೆ ಇಡೀ ಮನೆಮಂದಿಗೆ ಕೆಲಸ. ಅಲ್ಲಿ ಮಗುವಿನ ಕೈಯೂ ಲೆಕ್ಕಕ್ಕೆ ಬರುತ್ತಿತ್ತು. ಒಂದು ಮಧ್ಯಾಹ್ನದ ಸಮೀಕ್ಷೆ ಆ ಮಗುವಿನ ಹೆಸರು ಬರೆದುಕೊಳ್ಳಬಲ್ಲದು, ಅಷ್ಟೇ. ಮರುವಾರ ಮತ್ತೆ ಬಾಗಿಲು ತಟ್ಟಿ, ಅಪ್ಪ ಅಮ್ಮನ ಮನವೊಲಿಸಿ, ಶಾಲೆಗೆ ಬಂದ ಮಗು ಮೂರನೇ ದಿನಕ್ಕೆ ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳಲು ಅದೇ ಊರಲ್ಲಿ ಇರುವವರೇ ಬೇಕು.

1986ರ ಬಾಲಕಾರ್ಮಿಕ ಕಾಯ್ದೆಯ ಬೆನ್ನಿಗೆ 1988ರಲ್ಲಿ ಹುಟ್ಟಿದ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆ ದಾವಣಗೆರೆ ಜಿಲ್ಲೆಗೂ ಬಂತು. ದುಡಿಮೆಯಿಂದ ಬಿಡಿಸಿದ ಮಕ್ಕಳಿಗೆ ವಿಶೇಷ ಶಾಲೆ, ಊಟ, ತಿಂಗಳಿಗಿಷ್ಟು ಭತ್ಯೆ. ಪಾಠ ಹೇಳುವವರಿಗೆ ಗೌರವಧನ. ಆಮೇಲೆ ಸರ್ವಶಿಕ್ಷಣ ಅಭಿಯಾನದ ಕಾಲದಲ್ಲಿ ‘ಚಿಣ್ಣರ ಅಂಗಳ’ ಬಂತು: ಬಿಟ್ಟುಹೋದ ತರಗತಿಗಳ ಪಾಠ ತುಂಬಿಸಿ, ಮಗುವನ್ನು ಅದರ ವಯಸ್ಸಿನ ತರಗತಿಗೆ ಸೇರಿಸುವ ಸೇತುಬಂಧ. ಅಕ್ಷರ ದಾಸೋಹದ ಬಿಸಿಯೂಟ 2003ರ ಹೊತ್ತಿಗೆ ಈ ಜಿಲ್ಲೆಯ ಶಾಲೆಗಳಿಗೂ ಮುಟ್ಟಿತು. ಹಿಂದೆ ವಾರಾನ್ನಕ್ಕೆ ಮನೆಮನೆ ಅಲೆದು ಪಡೆಯಬೇಕಾಗಿದ್ದ ಮಧ್ಯಾಹ್ನದ ತುತ್ತು ಶಾಲೆಯ ಅಡುಗೆಮನೆಯಲ್ಲೇ, ಜಾತಿ ಕೇಳದೆ, ಎಲ್ಲರಿಗೂ ಸಿಗುವಂತಾಯಿತು.

ದೇಶಮುಖರ ಆ ಒಂದು ವರ್ಷ ಮಾತ್ರ ಕಡತದಲ್ಲೇ ಉಳಿದಿದೆ. 2009ರಲ್ಲಿ ದಾವಣಗೆರೆಗೆ ತನ್ನದೇ ವಿಶ್ವವಿದ್ಯಾಲಯ ಬಂದರೂ ಎನ್ನೆಸ್ಸೆಸ್ ಶಿಬಿರ ಏಳೇ ದಿನದ್ದು.