ಉಗುಳಿದ ಮೇಲೂ ಉಳಿಯುವ ಔಷಧ

ದಂತವೈದ್ಯರು ಬರೆದುಕೊಟ್ಟ ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸಿ ಉಗುಳಿದೊಡನೆ ಅದರ ಕೆಲಸ ಮುಗಿಯಿತೆಂದು ನಾವು ಭಾವಿಸುತ್ತೇವೆ. ಆದರೆ ಕ್ಲೋರ್‌ಹೆಕ್ಸಿಡಿನ್ ಎಂಬ ಔಷಧದ ಮಟ್ಟಿಗೆ ಮುಖ್ಯ ಕೆಲಸ ನಡೆಯುವುದು ಉಗುಳಿದ ನಂತರವೇ. ಈ ಸತ್ಯವನ್ನು ಮನುಷ್ಯನು ಅರಿತ ಬಗೆ ಕುತೂಹಲಕರವಾಗಿದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಾವಾ ದ್ವೀಪವು ಜಪಾನಿನ ವಶವಾದಾಗ ಮಲೇರಿಯಾಕ್ಕೆ ಬೇಕಾದ ಕ್ವಿನೈನ್ ದುರ್ಲಭವಾಯಿತು. ಆಗ ಬ್ರಿಟನ್ನಿನ ಐ.ಸಿ.ಐ. ಸಂಸ್ಥೆಯ ರಸಾಯನಶಾಸ್ತ್ರಜ್ಞರು ಪ್ರೊಗ್ವಾನಿಲ್ ಎಂಬ ಮಲೇರಿಯಾ ಔಷಧವನ್ನು ಕಂಡುಹಿಡಿದರು. ಅದೇ ಜಾತಿಯ ರಾಸಾಯನಿಕಗಳ ಶೋಧ ಮುಂದುವರಿದು ಕ್ಲೋರ್‌ಹೆಕ್ಸಿಡಿನ್ ದೊರೆಯಿತು. 1954ರಲ್ಲಿ ಅದರ ವರದಿ ಪ್ರಕಟವಾಯಿತು. ಮೊದಲಿಗೆ ಅದು ಚರ್ಮ ಮತ್ತು ಗಾಯಗಳನ್ನು ಶುದ್ಧಗೊಳಿಸಲು ಬಳಕೆಯಾಯಿತು.

ಬಾಯಿಯಲ್ಲಿ ಅದರ ಶಕ್ತಿಯನ್ನು ಸ್ಪಷ್ಟವಾಗಿ ತೋರಿಸಿದವರು ಡೆನ್ಮಾರ್ಕಿನ ಓರ್ಹುಸ್‌ನಲ್ಲಿದ್ದ ಹರಾಲ್ಡ್ ಲೋ ಮತ್ತು ಅವರ ಸಹೋದ್ಯೋಗಿ ಶಿಯೋಟ್. ಹಲ್ಲುಜ್ಜುವುದನ್ನು ನಿಲ್ಲಿಸಿದವರೂ ಶೇ. 0.2ರ ದ್ರಾವಣದ 10 ಮಿಲಿಲೀಟರಿನಿಂದ ದಿನಕ್ಕೆರಡು ಬಾರಿ ಮುಕ್ಕಳಿಸಿದರೆ, ಹಲ್ಲಿನ ಮೇಲೆ ಪ್ಲಾಕ್ ಕಟ್ಟುವುದಿಲ್ಲ, ವಸಡು ಊದುವುದಿಲ್ಲ ಎಂದು ಅವರು 1970ರಲ್ಲಿ ತಿಳಿಸಿದರು.

ಕ್ರಿಮಿಗಳನ್ನು ಕೊಲ್ಲುವ ಔಷಧಗಳು ಬೇರೆಯೂ ಇದ್ದವು. ಆದರೆ ಅವುಗಳನ್ನು ಲಾಲಾರಸವು ಬೇಗನೆ ತೊಳೆದುಬಿಡುತ್ತಿತ್ತು. ಕ್ಲೋರ್‌ಹೆಕ್ಸಿಡಿನ್‌ನ ಕಣಗಳಲ್ಲಿ ಧನ ವಿದ್ಯುದಂಶವಿದೆ. ಹಲ್ಲಿನ ತೆಳುಪೊರೆಯಲ್ಲಿಯೂ ಬಾಯಿಯ ಒಳಚರ್ಮದಲ್ಲಿಯೂ ಋಣ ವಿದ್ಯುದಂಶವಿದೆ. ಆದ್ದರಿಂದ ಬಟ್ಟೆಗೆ ಬಣ್ಣ ಹಿಡಿದಂತೆ ಅದು ಅಲ್ಲಿ ಅಂಟಿಕೊಳ್ಳುತ್ತದೆ. 1974ರಲ್ಲಿ ನಾರ್ವೆಯ ಸಂಶೋಧಕರು ಅಳೆದು ನೋಡಿದಾಗ ಔಷಧದ ಸುಮಾರು ಮೂರನೆಯ ಒಂದು ಭಾಗ ಬಾಯಿಯಲ್ಲೇ ಉಳಿಯುವುದು ಕಂಡುಬಂತು. ಹೀಗೆ ಉಳಿದದ್ದು ಗಂಟೆಗಟ್ಟಲೆ ಮೆಲ್ಲಮೆಲ್ಲನೆ ಬಿಡುಗಡೆಯಾಗುತ್ತಾ ಕ್ರಿಮಿಗಳನ್ನು ತಡೆಯುತ್ತದೆ.

ಅಂಟಿಕೊಳ್ಳುವ ಈ ಗುಣಕ್ಕೆ ಬೆಲೆಯೂ ಇದೆ. ವಾರಗಟ್ಟಲೆ ಬಳಸಿದರೆ ಹಲ್ಲುಗಳ ಮೇಲೆ ಕಂದು ಕಲೆ ಮೂಡಬಹುದು, ನಾಲಿಗೆಯ ರುಚಿ ಕೆಡಬಹುದು. ಚಹಾ, ಕಾಫಿಗಳು ಕಲೆಯನ್ನು ಹೆಚ್ಚಿಸುತ್ತವೆ. ನೊರೆ ಬರಿಸುವ ಟೂತ್‌ಪೇಸ್ಟ್‌ನ ಅಂಶವು ಔಷಧದೊಂದಿಗೆ ಕೂಡಿ ಅದರ ಬಲವನ್ನು ಕುಂದಿಸುತ್ತದೆ. ಆದುದರಿಂದ ಹಲ್ಲುಜ್ಜಿದ ಬಳಿಕ ಅರ್ಧ ಗಂಟೆಯಾದರೂ ಬಿಟ್ಟು ಮುಕ್ಕಳಿಸುವುದು ಲೇಸು. ಮುಕ್ಕಳಿಸಿದೊಡನೆ ನೀರಿನಿಂದ ಬಾಯಿ ತೊಳೆಯಬಾರದು. ಕಹಿಯೆಂದು ಮಕ್ಕಳು ನೀರಿಗೆ ಓಡಿದರೆ ಹಿರಿಯರು ಕಾರಣ ತಿಳಿಸಿ ತಡೆಯಬೇಕು.

ಇಷ್ಟಾದರೂ, ಈಗಾಗಲೇ ದಪ್ಪಗಟ್ಟಿರುವ ಪ್ಲಾಕ್‌ನ ಒಳಹೊಕ್ಕು ಅದನ್ನು ಕೀಳುವ ಸಾಮರ್ಥ್ಯ ಈ ಔಷಧಕ್ಕಿಲ್ಲ. ಅದಕ್ಕೆ ಕೈಯಿಂದ ಉಜ್ಜಲೇಬೇಕು. ವೈದ್ಯರು ಹೇಳಿದಷ್ಟು ದಿನ ಮಾತ್ರ ಔಷಧ. ಉಜ್ಜುವ ಅಭ್ಯಾಸ ಜೀವನಪೂರ್ತಿ.